ಮುಂದೆ ಜರಿ, ಹಿಂದೆ ಲಾಡಿ

ತುಮಕೂರಿನ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಮೆಹತಾಬ್ ನಾಟಕದ ಡ್ರೆಸ್ಸಿನ ಅಂಗಡಿ ನಡೆಸುತ್ತಿದ್ದಳು. ಅಲ್ಲಿ ಅಳತೆ ಕೊಡಬೇಕಾದರೆ ಹಾಡಬೇಕಿತ್ತು. ಬಾಯಿ ಮುಚ್ಚಿಕೊಂಡು ನಿಂತವರಿಗೆ ಅವಳು ಟೇಪು ಹಿಡಿಯುತ್ತಲೇ ಇರಲಿಲ್ಲ. ಅದು ಅವಳ ಅಪ್ಪ ಬಾಬಾ ಜಾನ್ ಸಾಹೇಬರ ಕಾಲದ ಪದ್ಧತಿ. ಸುಮ್ಮನೆ ನಿಂತಾಗ ಚೆನ್ನಾಗಿಯೇ ಕೂತಿದ್ದ ದುರ್ಯೋಧನನ ಅಂಗಿ, ಅವನು ಪದ್ಯ ಎತ್ತಿದ ಕೂಡಲೇ ಬಿರಿದು, ಗುಂಡಿ ಹಾರಿ ಹಾರ್ಮೋನಿಯಂ ಮೇಷ್ಟ್ರ ಹಣೆಗೆ ಬಡಿಯಿತಂತೆ. ಆವತ್ತಿನಿಂದ ಸಾಹೇಬರು ಈ ಕಾನೂನು ಮಾಡಿದರು.

ನಾನು ಮೊದಲ ಸಲ ದ್ರೌಪದಿಯ ಪಾತ್ರಕ್ಕೆ ಅಳತೆ ಕೊಡಲು ಹೋದಾಗ ನಡುಹಗಲು. ಎದುರಿನ ಬೆಲ್ಲದ ಅಂಗಡಿಯವರೆಲ್ಲ ನಮ್ಮ ಕಡೆಗೇ ತಿರುಗಿದ್ದರು. ನಾಚಿಕೆಯಿಂದ ನಾನು ಮೆಲ್ಲಗೆ ಗುನುಗಿದರೆ ಮೆಹತಾಬ್ ಗದರಿಬಿಟ್ಟಳು.

"ಇದೇನಕ್ಕ ಹಿಂಗೆ? ಅಲ್ಲಿ ಸಭೇಲಿ ನಿಮ್ ಸೀರೆ ಎಳೀತಾವ್ನೆ. ನೀವಿಲ್ಲಿ ಮಗು ಮಲಗಿಸ್ತಾ ಇದೀರಲ್ಲ!"

ಅವಳು ಹೊಲಿಯುತ್ತಿದ್ದ ರಾಜರಾಣಿಯರಿಗೆಲ್ಲ ಮುಂದೆ ಮಖಮಲ್ಲು, ಜರಿ, ಕನ್ನಡಿ ಚೂರು. ಹಿಂದೆ ಮಾತ್ರ ಬೆನ್ನುದ್ದಕ್ಕೂ ಸೀಳು, ಅದನ್ನು ಎಳೆದು ಕಟ್ಟಲು ಲಾಡಿ. ಇವತ್ತು ಕುಣಿಗಲ್ಲಿನ ಸಣಕಲು ಮೇಷ್ಟ್ರು ತೊಟ್ಟ ಅಂಗಿಯನ್ನೇ ನಾಳೆ ಹುಲಿಯೂರುದುರ್ಗದ ಹೊಟ್ಟೆ ಬಂದ ಹೋಟೆಲ್ ಮಾಲೀಕರು ತೊಡಬೇಕಲ್ಲ. ಹಾಗಾಗಿ ಅವಳದು ಇನ್ನೊಂದು ಕಟ್ಟಪ್ಪಣೆ: ರಂಗದ ಮೇಲೆ ಸತ್ತರೂ ಬೆನ್ನು ತೋರಿಸಬಾರದು. ತೋರಿಸಿದವರಿಗೆ ಮುಂದಿನ ಸಲ ಡ್ರೆಸ್ ಇಲ್ಲ. ನಮ್ಮ ಸೀಮೆಯ ಪೌರಾಣಿಕ ನಾಟಕಗಳಲ್ಲಿ ರಾಜರು ಯಾಕೆ ಏಡಿಯ ಹಾಗೆ ಅಡ್ಡಡ್ಡ ನಡೆದು ಒಳಗೆ ಹೋಗುತ್ತಾರೆ ಎಂದು ಪರವೂರಿನವರು ಕೇಳುವುದುಂಟು. ಕಾರಣ ಮೆಹತಾಬ್.

ನಾನು ದಾಕ್ಷಾಯಣಿ, ಗುಬ್ಬಿಯವಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ, ಬಿಡುವಿನಲ್ಲಿ ನಾಟಕ ಮಾಡುತ್ತಿದ್ದೆ. ನನ್ನ ಗಂಡ ಗುರುಪ್ರಕಾಶ್ ವಿಮೆ ಏಜೆಂಟು, ಜೊತೆಗೆ ನಮ್ಮೂರ ನಾಟಕ ಸಂಘದ ಕಾರ್ಯದರ್ಶಿ. ವಿಮೆ ಮಾಡಿಸುವವರ ಬಾಯಿ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ಎರಡು ಸಾವಿರದ ಮೂರನೇ ಇಸವಿಯಲ್ಲಿ ಬೆಂಗಳೂರಿಗೆ ಏಜೆಂಟರ ಮೀಟಿಂಗಿಗೆ ಹೋದವರು ವಾಪಸ್ ಬಂದು, ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದರು.

"ಲೇ ದಾಕ್ಷಾಯಣಿ, ಅಮೆರಿಕದಿಂದ ದೊಡ್ಡ ಸಿಂಗರ್ ಒಬ್ರು ಬಂದವ್ರೆ ಕಣೇ. ಒಪೆರಾ! ನಾಟಕಾನೇ, ಆದ್ರೆ ಪೂರ್ತಿ ಹಾಡಲ್ಲೇ. ಮುಂದಿನ ಭಾನುವಾರ ನಮ್ ರಂಗಮಂದಿರದಲ್ಲಿ ಪ್ರೋಗ್ರಾಂ."

"ಊಟ ತಿಂಡಿ?"

"ನಮ್ಮನೇಲಿ."

ಮಾಡುವವಳು ನಾನು, ಕರೆಯುವವರು ಅವರು. ಬೆಂಗಳೂರಿನ ಒಂದು ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಕಲಿಸಲು ಬಂದಿದ್ದ ಆಕೆಯನ್ನು ಯಾರೋ ಇವರಿಗೆ ಪರಿಚಯ ಮಾಡಿಸಿದ್ದರು. ಗುಬ್ಬಿಯಲ್ಲಿ ಹಿಂದೆ ಮೈಕೇ ಇಲ್ಲದೆ ಕೊನೆಯ ಬೆಂಚಿಗೆ ಕೇಳುವಂತೆ ಹಾಡುತ್ತಿದ್ದರು ಎಂದು ಇವರು ಕೊಚ್ಚಿಕೊಂಡದ್ದಕ್ಕೆ ಆಕೆ, "ಮೈಕ್ ಇಲ್ಲದೆಯೇ?" ಎಂದು ಎರಡೆರಡು ಸಲ ಕೇಳಿ, ಬರುತ್ತೇನೆ ಎಂದುಬಿಟ್ಟರಂತೆ.

ಗುರುವಾರ ಬಂದರು. ವರ್ನಾ ಹಾಲ್ಟ್ ಎಂದು ಹೆಸರು. ಸಂಜೆಯ ಹೊತ್ತಿಗೆ ನಮ್ಮ ಬೀದಿಯವರ ಬಾಯಲ್ಲಿ ವರ್ನಮ್ಮ ಆದರು. ಐವತ್ತು ದಾಟಿದ ಎತ್ತರದ ಹೆಂಗಸು, ತೆಳ್ಳಗೆ. ಆದರೆ ಹುಟ್ಟಾ ತೆಳ್ಳಗಿನವರ ಹಾಗಲ್ಲ. ಬೇರೆ ಯಾರದೋ ಮನೆಗೆ ಬಾಡಿಗೆಗೆ ಬಂದವರಂತೆ ಆ ಮೈಯಲ್ಲಿ ಹುಷಾರಾಗಿ ಓಡಾಡುತ್ತಿದ್ದರು.

ಮರುದಿನ ಬೆಳಗ್ಗೆ ತಟ್ಟೆ ಇಡ್ಲಿ ಮಾಡಿದ್ದೆ. ಕಾಲು ಇಡ್ಲಿ ತಿಂದು ತಟ್ಟೆ ಸರಿಸಿದರು. ನನಗೆ ಸರ್ರನೆ ಸಿಟ್ಟು ಬಂತು. ನಾನು ಮಾಡಿದ್ದನ್ನು ಹಾಗೆ ಬಿಟ್ಟವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಮುಖ ನೋಡಿ ಅವರಿಗೆ ಗೊತ್ತಾಯಿತೇನೋ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ: "ರುಚಿ ಇದೆ. ಜಾಗ ಇಲ್ಲ. ಆಪರೇಷನ್ ಮಾಡಿ ಹೊಟ್ಟೆಯನ್ನು ಚಿಕ್ಕದು ಮಾಡಿದ್ದಾರೆ."

ಸಿಟ್ಟು ಅಲ್ಲಿಗೇ ಇಳಿಯಿತು. ಕಾಫಿ ಹಿಡಿದು ಜಗುಲಿಯ ಮೇಲೆ ಕೂತೆವು. ಒಂದೊಂದಾಗಿ ಎಲ್ಲ ಹೇಳಿದರು.

ಅಪ್ಪನದು ಜೋಳದ ಹೊಲ, ಅಮ್ಮ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುವವರು. ವರ್ನಮ್ಮ ಮೊದಲು ಹಾಡಿದ್ದು ಸಾವಿನ ಮನೆಗಳಲ್ಲಿ. ಊರಲ್ಲಿ ಯಾರು ಸತ್ತರೂ ಈ ಹುಡುಗಿಯನ್ನು ಕರೆಸುತ್ತಿದ್ದರಂತೆ. ಆಮೇಲೆ ದೊಡ್ಡ ಪಟ್ಟಣ. ಹಗಲು ಅಂಗಡಿಯಲ್ಲಿ ಕೈಗವಸು ಮಾರುವುದು, ಸಂಜೆ ಮೇಳದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡುವುದು. ಒಂದು ದಿನ ನಾಯಕಿಯ ಪಾತ್ರದವಳಿಗೆ ಜ್ವರ ಬಂತು. ಪಾತ್ರದ ಹಾಡೆಲ್ಲ ಬಾಯಿಗೆ ಬರುತ್ತಿದ್ದುದು ಇವರೊಬ್ಬರಿಗೇ, ಇವರನ್ನೇ ನೂಕಿದರು. ಬೆಳಗಾಗುವಷ್ಟರಲ್ಲಿ ಪತ್ರಿಕೆಯಲ್ಲೆಲ್ಲ ಇವರ ಹೆಸರು. ಅಲ್ಲಿಂದ ಇಪ್ಪತ್ತು ವರ್ಷ ಊರೂರು, ದೇಶದೇಶ. ಆಗ ಅವರ ಗಾತ್ರ ಈಗಿನ ಎರಡರಷ್ಟಿತ್ತಂತೆ. ಆ ಗಾತ್ರದಿಂದಲೇ ಧ್ವನಿ ಬರುತ್ತದೆ ಎಂದು ಜನ ಹೊಗಳುತ್ತಿದ್ದರಂತೆ.

ಕಾಲ ಬದಲಾಯಿತು. ಹೊಸ ನಿರ್ದೇಶಕನೊಬ್ಬ ಬಂದು, ನಾಯಕಿಗೆಂದು ಹೊಲಿಸಿದ ಗೌನು ಇವರಿಗೆ ಹತ್ತದಿದ್ದುದನ್ನು ನೋಡಿ ನಾಯಕಿಯನ್ನೇ ಬದಲಾಯಿಸಿದ. ಗೌನು ಬದಲಾಯಿಸಬಹುದಿತ್ತು ಎಂಬುದು ಆ ಮಹಾಶಯನಿಗೆ ಹೊಳೆಯಲಿಲ್ಲ! ಅವಮಾನ ತಾಳದೆ ಇವರು ಆಪರೇಷನ್ ಮಾಡಿಸಿಕೊಂಡರು. ಮೈ ಇಳಿಯಿತು, ಜೊತೆಗೆ ಧ್ವನಿಯ ನೆಲೆಯೂ ತಪ್ಪಿತು. ತುಂಬಿದ ಸಭೆಯಲ್ಲಿ ಮೇಲಿನ ಸ್ವರ ಒಡೆಯಿತು. ಜನ ಹುಯ್ಯೋ ಎಂದರು. ಗಂಟಲಲ್ಲಿ ಏನೂ ದೋಷವಿಲ್ಲ ಎಂದು ಡಾಕ್ಟರು ಹೇಳಿದರೂ ಇವರಿಗೆ ಧೈರ್ಯ ಬರಲಿಲ್ಲ. ಮೂರು ವರ್ಷದಿಂದ ಮಕ್ಕಳಿಗೆ ಪಾಠ, ಹೆಚ್ಚೆಂದರೆ ಮೈಕ್ ಹಿಡಿದು ಮೆಲ್ಲಗೆ ಒಂದೆರಡು ಹಾಡು.

"ಇಲ್ಲಿ ಒಂದು ಸಲ ಮೈಕಿಲ್ಲದೆ ಹಾಡಿ ನೋಡುತ್ತೇನೆ. ಕೊನೆಯ ಬೆಂಚಿಗೆ ಕೇಳದಿದ್ದರೆ ಅಲ್ಲಿಗೆ ಮುಗಿಯಿತು, ಇನ್ನು ಹಾಡುವುದಿಲ್ಲ. ನನ್ನನ್ನು ಯಾರೂ ಅರಿಯದ ಊರಿನಲ್ಲಿ ಸೋಲುವುದು ಸುಲಭ, ಅಲ್ಲವೆ?"

ಗುಬ್ಬಿಯಲ್ಲಿ ಸೋಲುವುದು ಸುಲಭ ಅಂದುಕೊಂಡಿದ್ದಾರಲ್ಲ, ಪಾಪ! ಬೇರೆ ಊರಲ್ಲಾದರೆ ಹಾಡು ಕೆಟ್ಟಾಗ ಜನ ಎದ್ದು ಹೋಗುತ್ತಾರೆ. ನಮ್ಮೂರಿನವರು ಕೂತೇ ಇದ್ದು, ಹತ್ತು ವರ್ಷವಾದರೂ ಅದನ್ನೇ ಎತ್ತಿ ಆಡುತ್ತಾರೆ.

ಇಷ್ಟರಲ್ಲಿ ಅವರು ತಂದಿದ್ದ ಗೌನನ್ನು ನನ್ನ ಗಂಡ ನೋಡಿದರು. ಅಪ್ಪಟ ಕಪ್ಪು.

"ಇದನ್ನ ಹಾಕ್ಕೊಂಡು ನಿಂತ್ರೆ ನಮ್ಮೋರು ಯಾವ್ದೋ ಲಾಯರಮ್ಮ ಬಂದವ್ರೆ ಅಂತಾರೆ. ರಾಣಿ ಪಾರ್ಟು ಅಂದ್ಮೇಲೆ ರಾಣಿ ತರ ಇರ್ಬೇಕು. ಮೆಹತಾಬ್ ಹತ್ರ ಕರ್ಕೊಂಡು ಹೋಗು."

ಅವರು ಹಾಡಬೇಕಿದ್ದುದು ವಿಷ ಕುಡಿದ ರಾಣಿಯೊಬ್ಬಳು ಪ್ರಾಣ ಬಿಡುವ ಮುಂಚಿನ ಹಾಡು. ಅಲ್ಲಿನ ನಾಟಕಗಳಲ್ಲೂ ಜನ ಸಾಯುವ ಮೊದಲು ಅರ್ಧ ಗಂಟೆ ಹಾಡುತ್ತಾರೆಂದು ಕೇಳಿ ನನಗೆ ಬಹಳ ಸಮಾಧಾನವಾಯಿತು.

ಮೆಹತಾಬ್ ಟೇಪು ಕೊರಳಿಗೆ ಹಾಕಿಕೊಂಡು ಕಾದಿದ್ದಳು. ನೀಲಿ ಮಖಮಲ್ಲು ಆರಿಸಿದ್ದಾಯಿತು. "ಮೇಡಂಗೆ ಹಾಡೋಕೆ ಹೇಳಿ ಅಕ್ಕ" ಎಂದಳು. ನಾನು ವಿವರಿಸಿದೆ. ವರ್ನಮ್ಮ ಓಣಿಯನ್ನೂ ಬೆಲ್ಲದ ಅಂಗಡಿಯನ್ನೂ ನೋಡಿ ತಲೆ ಅಲ್ಲಾಡಿಸಿದರು. ಭಾನುವಾರದ ತನಕ ಗಂಟಲು ಬಿಡುವುದಿಲ್ಲ ಎಂದರು. ಮೆಹತಾಬ್ ಮುಖ ಸಿಂಡರಿಸಿದಳು. ಕೊನೆಗೆ ವರ್ನಮ್ಮ ಎದೆಯುಬ್ಬಿಸಿ ಒಂದು ಸಲ ಉಸಿರು ಎಳೆದುಕೊಂಡು ತೋರಿಸಿದರು. ಅಷ್ಟಕ್ಕೇ ಅಳತೆ ಮುಗಿಯಿತು.

"ಬಿಗಿಯಾಗಿರಲಿ. ಬೆನ್ನು ಪೂರ್ತಿ ಮುಚ್ಚಿರಲಿ, ದಾರ ಗೀರ ಬೇಡ. ಎಲ್ಲೂ ದಪ್ಪ ಕಾಣಬಾರದು" ಎಂದು ವರ್ನಮ್ಮ ಹೇಳಿದ್ದನ್ನು ನಾನು ಮೆಹತಾಬ್‌ಗೆ ದಾಟಿಸಿದೆ.

"ದಪ್ಪ? ಇವ್ರಾ?" ಮೆಹತಾಬ್ ನನ್ನ ಮುಖ ನೋಡಿದಳು. "ಹಾಡೋರಿಗೆ ಬಿಗಿ ಆಗಲ್ಲ ಅಂತ ಹೇಳಕ್ಕ."

ಹೇಳಿದೆ. ಅವರು ಒಪ್ಪಲಿಲ್ಲ. ಗೌನು ಹತ್ತಲಿಲ್ಲವೆಂದು ಮನೆಗೆ ಅಟ್ಟಿಸಿಕೊಂಡವರಿಗೆ ಬಿಗಿಯಾದ ಗೌನಿನ ಮೇಲೆ ಎಷ್ಟು ಆಸೆ ಇರುತ್ತದೆಂದು ನನಗೆ ಅರ್ಥವಾಯಿತು. ಮೆಹತಾಬ್ ಗೊಣಗಿಕೊಂಡೇ ಬಟ್ಟೆ ಕತ್ತರಿಸಿದಳು. ಆದರೂ ಅಪ್ಪನ ಮಗಳಲ್ಲವೆ, ಒಳಹೊಲಿಗೆಯಲ್ಲಿ ಒಂದಿಷ್ಟು ಬಟ್ಟೆ ಬಿಟ್ಟೇ ಹೊಲಿದಳು.

ಭಾನುವಾರ ಮಧ್ಯಾಹ್ನ ರಂಗಮಂದಿರದಲ್ಲಿ ಪ್ರಾಕ್ಟೀಸು. ಬೆಂಗಳೂರಿನಿಂದ ಟೆಂಪೋದಲ್ಲಿ ಕಂಬಳಿ ಹೊದ್ದುಕೊಂಡು ಪಿಯಾನೋ ಬಂದಿತ್ತು, ಅದನ್ನು ನುಡಿಸುವ ಮೇಷ್ಟ್ರೂ ಬಂದಿದ್ದರು. ಮೆಹತಾಬ್ ಹಿಂದಿನ ದಿನವೇ ಕಳಿಸಿದ್ದ ನೀಲಿ ಗೌನು ತೊಟ್ಟು ವರ್ನಮ್ಮ ನಿಂತರೆ, ಅಬ್ಬಾ, ರಾಣಿಯೇ ಸೈ. ಕೊನೆಯ ಬೆಂಚಿನಲ್ಲಿ ನಮ್ಮ ಮಾವ ಕರಿಸಿದ್ದಪ್ಪನವರು ಕೂತಿದ್ದರು.

ಮಾವ ಪ್ರಾಯದಲ್ಲಿ ನಾಟಕ ಕಂಪನಿಯೊಂದರಲ್ಲಿ ಗೇಟು ಕಾಯುತ್ತಿದ್ದವರು. ಹೊಸಬರು ಹಾಡುವಾಗ ಕೊನೆಯಲ್ಲಿ ಕೂತು, ಅಕ್ಷರ ಅಕ್ಷರ ಕೇಳಿಸಿದರೆ ಹೆಗಲ ಮೇಲಿನ ಟವೆಲ್ ಎತ್ತಿ ತೋರಿಸುವುದು ಅವರ ಕೆಲಸವಾಗಿತ್ತು. ಕಂಪನಿ ಹೋದರೂ ಆ ಕೆಲಸ ಬಿಟ್ಟಿರಲಿಲ್ಲ. ಸ್ವಂತ ಸೊಸೆ ಎಂದು ನನಗೂ ಒಂದು ದಿನ ರಿಯಾಯಿತಿ ತೋರಿಸಿದವರಲ್ಲ. ಟವೆಲ್ ವಿಷಯವನ್ನು ವರ್ನಮ್ಮನಿಗೆ ಮೊದಲೇ ಹೇಳಿದ್ದೆ. ಯಾಕಾದರೂ ಹೇಳಿದೆನೋ ಎಂದು ಆಮೇಲೆ ಅನ್ನಿಸಿತು.

ಹಾಡು ಶುರುವಾಯಿತು. ಮೊದಲು ಚೆನ್ನಾಗಿಯೇ ಇತ್ತು. ಸ್ವರ ಮೇಲೆ ಹೋಗುತ್ತಿದ್ದ ಹಾಗೆ ಅವರ ಕುತ್ತಿಗೆಯ ನರ ಉಬ್ಬಿತು, ಹೆಗಲು ಕಿವಿಯ ಹತ್ತಿರಕ್ಕೆ ಬಂತು. ಧ್ವನಿ ಸಣ್ಣಗಾಗಿ, ಸಣ್ಣಗಾಗಿ, ಒಡೆದು ನಿಂತುಹೋಯಿತು. ಇನ್ನೊಮ್ಮೆ ಎತ್ತಿದರು. ಅದೇ ಜಾಗದಲ್ಲಿ ಮತ್ತೆ ಒಡೆಯಿತು. ಮಾವನ ಕೈ ಟವೆಲ್ಲಿನ ಮೇಲೇ ಇತ್ತು, ಮೇಲೆ ಏಳಲಿಲ್ಲ. ನಾನು ಮನಸ್ಸಿನಲ್ಲೇ ಅವರಿಗೆ ಬೈದೆ. ಒಂದು ಸಲ ಸುಳ್ಳು ಟವೆಲ್ ಎತ್ತಿದ್ದರೆ ಏನು ಗಂಟು ಹೋಗುತ್ತಿತ್ತು?

ವರ್ನಮ್ಮ ಒಳಗೆ ಹೋದರು. ಹಿಂದೆಯೇ ಹೋದೆ. ಬಣ್ಣದ ಕೋಣೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ನಿಮ್ಮ ಗಂಡನಿಗೆ ಹೇಳಿ, ಆರೋಗ್ಯ ಸರಿಯಿಲ್ಲವೆಂದು ತಿಳಿಸಿಬಿಡಲಿ. ನೋಡಬೇಕಾದ್ದನ್ನು ನೋಡಿದೆ. ಇನ್ನು ನಿಶ್ಚಿಂತೆ."

ನಿಶ್ಚಿಂತೆ ಎಂದವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನನಗೂ ಅಳು ಬಂತು.

ಆಗ ಮೆಹತಾಬ್ ಒಳಗೆ ಬಂದಳು. ಹಿಂದಿನ ದಿನ ಹುಲಿಯೂರುದುರ್ಗದಲ್ಲಿ ನಾಟಕ. ಅಲ್ಲಿಂದ ಕುಣಿಗಲ್ಲಿಗೆ ಬಂದು, ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ಡ್ರೆಸ್ಸಿನ ಗಂಟಿನ ಸಮೇತ ನೇರ ಇಲ್ಲಿಗೇ ಬಂದಿದ್ದಳು. ತಾನು ಹೊಲಿದದ್ದನ್ನು ರಂಗಕ್ಕೆ ಹೋಗುವ ಮುಂಚೆ ತಾನೇ ಕೈಯಾರೆ ತೊಡಿಸಬೇಕು ಎಂಬುದು ಅವಳ ಹಟ. ಅಳುತ್ತಿರುವ ನಮ್ಮಿಬ್ಬರನ್ನೂ ನೋಡಿ ಗಂಟು ಕೆಳಗಿಟ್ಟಳು. ನಾನು ನಡೆದದ್ದನ್ನು ಹೇಳಿದೆ. ವರ್ನಮ್ಮನನ್ನು ಎಬ್ಬಿಸಿ, ಗೌನಿನ ಪಕ್ಕೆಗೆ ಬೆರಳು ತೂರಿಸಲು ನೋಡಿದಳು. ಬೆರಳು ಹೋಗಲಿಲ್ಲ. ಎದೆಯ ಹತ್ತಿರ ಮಾತ್ರ ಸಲೀಸಾಗಿ ಹೋಯಿತು.

"ಎದೆ ಹತ್ರ ಸಡಿಲ ಐತಲ್ಲಕ್ಕ. ಅಳತೆ ಸರಿಯಾಗೇ ಐತೆ. ಮತ್ತೆಲ್ಲಿ ಹಿಡೀತೈತೆ, ಕೇಳಿ."

ಕೇಳಿದೆ. ವರ್ನಮ್ಮ ಮೆಹತಾಬ್‌ಳ ಕೈ ಹಿಡಿದು ತಮ್ಮ ಬೆನ್ನಿನ ಕೆಳಗೆ, ಸೊಂಟದ ಮೇಲೆ, ಕೊನೆಯ ಪಕ್ಕೆಲುಬಿನ ಹತ್ತಿರ ಇಟ್ಟರು. "ಇಲ್ಲಿ. ನನ್ನ ಉಸಿರೆಲ್ಲ ಇಲ್ಲಿ. ಆವತ್ತು ಅಂಗಡಿಯಲ್ಲಿ ತೋರಿಸಿದ್ದು ಸುಳ್ಳು ಉಸಿರು."

"ಯಾ ಅಲ್ಲಾ, ಬೆನ್ನಲ್ಲಿ ಉಸಿರಾಡ್ತಾರಾ!" ಎಂದಳು ಮೆಹತಾಬ್. ನಮ್ಮ ಭೀಮ ದುರ್ಯೋಧನರೆಲ್ಲ ಎದೆಯಲ್ಲಿ ಆರ್ಭಟಿಸುವವರು. ಅವಳು ಇಷ್ಟು ವರ್ಷ ಎದೆಗೇ ಟೇಪು ಹಿಡಿದವಳು. "ಹಂಗಾದ್ರೆ ಎದೆಗೆ ಹಿಡಿದಿದ್ದು ದಂಡ. ಈಗ ಹಾಡೋಕೆ ಹೇಳಕ್ಕ. ಇಲ್ಲಿ ಓಣಿ ಇಲ್ಲ, ಬೆಲ್ಲದಂಗ್ಡಿ ಇಲ್ಲ. ನಾವ್ ಮೂರೇ ಜನ."

ಬ್ಲೇಡು ತೆಗೆದು ಬೆನ್ನ ಹೊಲಿಗೆಯನ್ನು ಮೇಲಿಂದ ಕೆಳಗೆ ಚರ್ರನೆ ಬಿಚ್ಚಿದಳು. ವರ್ನಮ್ಮ ಬೆಚ್ಚಿದರು. ಮರುಕ್ಷಣ ಅವರ ಹೆಗಲು ಕೆಳಗಿಳಿಯಿತು. ಬಿಚ್ಚಿದ ಬೆನ್ನಿನ ಎರಡೂ ಅಂಚಿಗೆ ಟೇಪು ಹಿಡಿದು ಮೆಹತಾಬ್ ಕಣ್ಣಲ್ಲೇ ಸನ್ನೆ ಮಾಡಿದಳು. ವರ್ನಮ್ಮ ಒಂದೇ ಒಂದು ಸ್ವರ ಎತ್ತಿದರು, ಕೋಣೆಗೆ ಸಾಕಾಗುವಷ್ಟು. ಟೇಪು ಅವಳ ಬೆರಳುಗಳ ನಡುವಿನಿಂದ ತಾನಾಗಿ ಜಾರತೊಡಗಿತು. ಅಂಚುಗಳೆರಡೂ ದೂರ ಸರಿದವು. ಮೆಹತಾಬ್ ಬಾಯಿ ತೆರೆದುಕೊಂಡು ನೋಡುತ್ತ ನಿಂತಳು.

"ಇಷ್ಟು ಉಸಿರನ್ನ ಕಟ್ಟಿಹಾಕಿದ್ವಲ್ಲಕ್ಕ" ಎಂದಳು.

ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆಳೆದು, ಅಂಚಿಗೆ ತೂತು ಮಾಡಿ, ಹುಲಿಯೂರುದುರ್ಗದಿಂದ ಬಂದ ದುರ್ಯೋಧನನ ಅಂಗಿಯ ಕೆಂಪು ಲಾಡಿ ಕಿತ್ತು ಇದಕ್ಕೆ ಪೋಣಿಸಿದಳು. ವರ್ನಮ್ಮ ಕನ್ನಡಿಯಲ್ಲಿ ಬೆನ್ನು ನೋಡಿಕೊಂಡರು. ಸೀಳಿನ ನಡುವೆ ಒಳಅಂಗಿ, ಅದರ ಮೇಲೆ ಅಡ್ಡಾದಿಡ್ಡಿ ಕೆಂಪು ದಾರ. ಅವರ ಮುಖ ಬಾಡಿತು.

"ಇದನ್ನು ಯಾರಾದರೂ ನೋಡಿದರೆ?"

ನಾನು ಮೆಹತಾಬ್‌ಳ ಕಾನೂನು ಹೇಳಿದೆ. ಬೆನ್ನು ತೋರಿಸದಿದ್ದರಾಯಿತು. ನಮ್ಮಲ್ಲಿ ರಾಜರು, ರಾಣಿಯರು, ಸಾಕ್ಷಾತ್ ದೇವರುಗಳಿಗೂ ಮುಂದೆ ಜರಿ, ಹಿಂದೆ ಲಾಡಿ. ಅವರು ನಕ್ಕರೋ ಅತ್ತರೋ ಗೊತ್ತಾಗಲಿಲ್ಲ. "ಸರಿ, ಹಾಡುತ್ತೇನೆ" ಎಂದರು.

ಸಂಜೆ ರಂಗಮಂದಿರ ತುಂಬಿತ್ತು. ಅರ್ಧ ಜನ ಹಾಡು ಕೇಳಲು, ಇನ್ನರ್ಧ ಅಮೆರಿಕದವರು ಹೇಗಿರುತ್ತಾರೆಂದು ನೋಡಲು. ಮಾವ ಮತ್ತೆ ಅದೇ ಕೊನೆಯ ಬೆಂಚಿನಲ್ಲಿ. ನಾನು ಮತ್ತು ಮೆಹತಾಬ್ ಪಕ್ಕದ ಪರದೆಯ ಮರೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತೆವು.

ಹಾಡು ಶುರುವಾಯಿತು. ಭಾಷೆ ನನಗೂ ತಿಳಿಯದು, ಊರಿಗಂತೂ ತಿಳಿಯದು. ಆದರೆ ಸಾಯುತ್ತಿರುವ ಹೆಂಗಸು ಯಾರನ್ನೋ ಕರೆಯುತ್ತಿದ್ದಾಳೆ ಎಂಬುದು ಎಲ್ಲರಿಗೂ ತಿಳಿಯಿತು. ಧ್ವನಿ ಮೇಲೆ ಏರತೊಡಗಿತು. ಮಧ್ಯಾಹ್ನ ಒಡೆದ ಜಾಗ ಹತ್ತಿರ ಬಂತು. ಮೆಹತಾಬ್ ನನ್ನ ಕೈ ಹಿಂಡಿದಳು. ನಮಗೆ ಕಾಣುತ್ತಿದ್ದುದು ಅವರ ಬೆನ್ನಿನ ಪಕ್ಕ. ಕೆಂಪು ಲಾಡಿ ಬಿಗಿಯಾಯಿತು, ಸೀಳು ಅಗಲವಾಯಿತು, ಇನ್ನೂ ಅಗಲವಾಯಿತು. ಆ ಜಾಗ ದಾಟಿ ಸ್ವರ ಮೇಲಕ್ಕೆ ಹೋಗಿ, ಅಲ್ಲೇ ನಿಂತು, ಇಡೀ ಮಂದಿರವನ್ನು ತುಂಬಿತು. ಒಡೆಯಲಿಲ್ಲ.

ನಾನು ಕೊನೆಯ ಬೆಂಚಿನ ಕಡೆ ನೋಡಿದೆ. ಮಾವ ಎದ್ದು ನಿಂತಿದ್ದರು. ಟವೆಲ್ ಪೂರ್ತಿ ಮೇಲಿತ್ತು.

ರಾಣಿ ಸತ್ತು ಬಿದ್ದಳು. ಆಮೇಲೆ ಮುಂದಿನ ಸಾಲಿನಿಂದ ಒಂದು ಕೂಗು, ಹಿಂದಿನಿಂದ ಇನ್ನೊಂದು, ಕೊನೆಗೆ ಇಡೀ ಸಭೆ:

"ಒನ್ಸ್ ಮೋರ್! ಒನ್ಸ್ ಮೋರ್!"

ಕಂಪನಿ ನಾಟಕದ ಕಾಲದಿಂದಲೂ ನಮ್ಮಲ್ಲಿ ಸತ್ತವರನ್ನು ಹೀಗೆ ಎಬ್ಬಿಸುವ ರೂಢಿಯಿದೆ. ಒನ್ಸ್ ಮೋರ್ ಬಿದ್ದರೆ ಹೆಣವೂ ಎದ್ದು ಹಾಡಿ ಇನ್ನೊಮ್ಮೆ ಸಾಯಬೇಕು. ಇದನ್ನು ಹೇಳಿಕೊಡುವುದನ್ನೇ ಮರೆತಿದ್ದೆ. ವರ್ನಮ್ಮ ಮಲಗಿದ್ದಲ್ಲಿಂದಲೇ ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. ಅವರದೇ ಭಾಷೆಯ ಎರಡು ಮಾತನ್ನು ಗುಬ್ಬಿಯ ಗಂಟಲುಗಳು ಕೂಗುತ್ತಿದ್ದವು. ಏಳಿ ಎಂದು ಕೈಯಾಡಿಸಿದೆ. ಎದ್ದರು. ಈ ಸಲ ಇನ್ನೂ ಚೆನ್ನಾಗಿ ಹಾಡಿದರು. ಮೊದಲ ಸಲದ ಹೆದರಿಕೆ ಚೂರೂ ಇರಲಿಲ್ಲ. ಹಾಡಿ, ಆರಾಮವಾಗಿ ಇನ್ನೊಮ್ಮೆ ಸತ್ತರು.

ಚಪ್ಪಾಳೆ ನಿಲ್ಲಲೇ ಇಲ್ಲ. ವರ್ನಮ್ಮ ಎದ್ದು ಸಭೆಗೆ ಬಾಗಿ ನಮಸ್ಕರಿಸಿದರು. ಅಡ್ಡಡ್ಡ ನಡೆದು ಬರುತ್ತಾರೆಂದು ನಾವು ಕಾದೆವು. ಬರಲಿಲ್ಲ. ರಂಗದ ನಟ್ಟನಡುವೆ ನಿಂತು, ಮೆಹತಾಬ್‌ಳ ಕಡೆ ನೋಡಿ ನಕ್ಕರು. ಆಮೇಲೆ ನಿಧಾನವಾಗಿ ಪೂರ್ತಿ ತಿರುಗಿ, ಸಭೆಗೆ ಬೆನ್ನು ಕೊಟ್ಟು ನಿಂತರು. ಬಿರಿದ ನೀಲಿ ಮಖಮಲ್ಲು, ಅಡ್ಡಾದಿಡ್ಡಿ ಕೆಂಪು ಲಾಡಿ, ಅದರೊಳಗೆ ಏರಿಳಿಯುತ್ತಿದ್ದ ಅಗಲವಾದ ಬೆನ್ನು. ಎಲ್ಲವೂ ಗುಬ್ಬಿಯ ಕಣ್ಣೆದುರಿಗಿತ್ತು. ಹಾಗೆಯೇ ನಮ್ಮ ಕಡೆ ತಿರುಗಿ ಮೆಹತಾಬ್‌ಗೆ ಕೈಮುಗಿದರು.

ಗುಬ್ಬಿಯವರು ಲಾಡಿ ಕಾಣದವರೇ? ಯಾರೂ ನಗಲಿಲ್ಲ, ಚಪ್ಪಾಳೆಯೂ ನಿಲ್ಲಲಿಲ್ಲ.

"ಅಯ್ಯೋ ಅಕ್ಕ, ಬೆನ್ನು ತೋರಿಸ್ಬುಟ್ರಲ್ಲ!" ಎಂದಳು ಮೆಹತಾಬ್. ಹೇಳುತ್ತ ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮುಂದಿನ ಸಲ ಡ್ರೆಸ್ ಕೊಡಲ್ವಾ ಮತ್ತೆ?" ಎಂದೆ.

"ಸುಮ್ಕಿರಕ್ಕ. ಮುಂದಿನ ಸಲಕ್ಕೆ ಇವತ್ತೇ ಅಳತೆ ತಗೊಂಡಿದೀನಿ."

ಮನೆಗೆ ಬಂದು ಕಾಲು ತೊಳೆದು ಎಲ್ಲರೂ ಊಟಕ್ಕೆ ಕೂತೆವು. ವರ್ನಮ್ಮ ಲಾಡಿ ಬಿಚ್ಚಿರಲಿಲ್ಲ. ಗೌನಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ನಾನು ಬಡಿಸಿದ ಅರ್ಧ ಇಡ್ಲಿ ಮುಗಿಸಿ, ತಟ್ಟೆ ಮುಂದೆ ಚಾಚಿ, "ಒನ್ಸ್ ಮೋರ್" ಎಂದರು.